ಚುಕ್ಕೆ ಗುರುತಿನ ಪ್ರಶ್ನೆಯ ಬಲ

ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡ್ ಇದೆ, ಶಸ್ತ್ರಚಿಕಿತ್ಸೆಯ ಕೊಠಡಿಯೂ ಇದೆ. ಅರಿವಳಿಕೆ ತಜ್ಞರು ಇಲ್ಲ. ಸಿಸೇರಿಯನ್ ಆಗಬೇಕೆಂದರೆ ನಡುರಾತ್ರಿಯಲ್ಲಿ ಆಂಬುಲೆನ್ಸ್ ಹತ್ತಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಊರಿನ ಹೋಟೆಲ್ಲಿನಲ್ಲಿ ಕೂತು ಹೇಳಿಕೊಂಡರೆ ಇದು ಸಂಕಟದ ಮಾತು. ಬರೆದು ಕಚೇರಿಗೆ ಕೊಟ್ಟರೆ ಅರ್ಜಿ. ಅದೇ ಮಾತನ್ನು ಆ ಕ್ಷೇತ್ರದ ಶಾಸಕರು ಪ್ರಶ್ನೆಯಾಗಿ ಬರೆದು ವಿಧಾನಸಭೆಯ ಸಚಿವಾಲಯಕ್ಕೆ ಸಲ್ಲಿಸಿದರೆ ಅದರ ಸ್ವರೂಪವೇ ಬದಲಾಗುತ್ತದೆ. ಅದಕ್ಕೆ ಒಂದು ಸಂಖ್ಯೆ ಬೀಳುತ್ತದೆ, ಉತ್ತರಿಸಬೇಕಾದ ದಿನಾಂಕ ನಿಗದಿಯಾಗುತ್ತದೆ, ಉತ್ತರಿಸಬೇಕಾದ ಸಚಿವರ ಹೆಸರು ಪಕ್ಕದಲ್ಲಿ ಅಚ್ಚಾಗುತ್ತದೆ. ಅಲ್ಲಿಂದ ಮುಂದೆ ಸರ್ಕಾರ ಮೌನವಾಗಿರುವಂತಿಲ್ಲ.

ಶಾಸನಸಭೆ ಎಂದರೆ ನಮಗೆ ನೆನಪಾಗುವುದು ಕಾನೂನು ಮಾಡುವ ಜಾಗ, ಇಲ್ಲವೇ ಟಿವಿಯಲ್ಲಿ ಕಾಣುವ ಕೂಗಾಟದ ಜಾಗ. ಅದು ಲೆಕ್ಕ ಕೇಳುವ ಜಾಗವೂ ಹೌದು. ನನ್ನ ಮಟ್ಟಿಗೆ ಅದರ ಮೊದಲ ಕೆಲಸವೇ ಅದು. 2025-26ರ ಕರ್ನಾಟಕ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಇಷ್ಟು ಹಣವನ್ನು ಯಾರು, ಎಲ್ಲಿ, ಯಾವುದಕ್ಕೆ ಖರ್ಚು ಮಾಡಿದರು ಎಂದು ಕೇಳುವ ಅಧಿಕಾರ 224 ಶಾಸಕರಿಗೂ ವಿಧಾನ ಪರಿಷತ್ತಿನ 75 ಸದಸ್ಯರಿಗೂ ಇದೆ. ಆ ಅಧಿಕಾರ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ನಾವು ತಿಳಿದುಕೊಳ್ಳುವುದು ಅಗತ್ಯ. ನಮ್ಮ ಪರವಾಗಿ ಕೇಳಬೇಕಾದವರು ಕೇಳುತ್ತಿದ್ದಾರೆಯೇ ಎಂದು ನೋಡಬೇಕಾದವರು ನಾವೇ.

ಮೊದಲು ಪ್ರಶ್ನೆ ಬರೆಯುವ ಬಗೆ. "ಸದರಿ ಆಸ್ಪತ್ರೆಯಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರೆ "ಬಂದಿದೆ" ಎಂಬ ಉತ್ತರ ಬರುತ್ತದೆ. "ಹಾಗಿದ್ದಲ್ಲಿ ಕೈಗೊಂಡ ಕ್ರಮವೇನು?" ಎಂದರೆ "ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ" ಎಂದು ಮುಗಿಯುತ್ತದೆ. ಗಮನಕ್ಕೆ ಬಂದಿಲ್ಲ ಎಂದುಬಿಟ್ಟರೆ ಉಳಿದ ಉಪಭಾಗಗಳಿಗೆಲ್ಲ "ಉದ್ಭವಿಸುವುದಿಲ್ಲ" ಎಂಬ ಒಂದೇ ಪದ. ಪುಟಗಟ್ಟಲೆ ಇಂಥ ಪ್ರಶ್ನೋತ್ತರಗಳು ನಮ್ಮ ಶಾಸಕಾಂಗದ ದಾಖಲೆಗಳಲ್ಲಿವೆ. ಅವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಅನುಭವಿ ಸದಸ್ಯರು ಹೀಗೆ ಕೇಳುವುದಿಲ್ಲ. (ಅ) ಆ ಆಸ್ಪತ್ರೆಗೆ ಮಂಜೂರಾದ ತಜ್ಞವೈದ್ಯರ ಹುದ್ದೆಗಳೆಷ್ಟು. (ಆ) ಅವುಗಳಲ್ಲಿ ಭರ್ತಿಯಾದವು ಎಷ್ಟು, ಖಾಲಿ ಇರುವವು ಯಾವ ದಿನಾಂಕದಿಂದ ಖಾಲಿ ಇವೆ. (ಇ) ಕಳೆದ ಮೂರು ವರ್ಷಗಳಲ್ಲಿ ಹಂಚಿಕೆಯಾದ ಅನುದಾನ, ಬಿಡುಗಡೆಯಾದ ಮೊತ್ತ ಮತ್ತು ವೆಚ್ಚ ಎಷ್ಟು (ವರ್ಷವಾರು ವಿವರ ನೀಡುವುದು). (ಈ) ಅದೇ ಅವಧಿಯಲ್ಲಿ ಬೇರೆ ಆಸ್ಪತ್ರೆಗೆ ಕಳಿಸಲಾದ ಹೆರಿಗೆ ಪ್ರಕರಣಗಳೆಷ್ಟು. ಈ ಪ್ರಶ್ನೆಯಲ್ಲಿ ಆರೋಪವಿಲ್ಲ, ವಿಶೇಷಣವಿಲ್ಲ. ಹಾಗಾಗಿಯೇ ತಪ್ಪಿಸಿಕೊಳ್ಳಲು ಜಾಗವೂ ಇಲ್ಲ. ಅಂಕಿಯನ್ನು ಕೇಳಿದಾಗ ಅಂಕಿಯನ್ನೇ ಕೊಡಬೇಕು. ಕೊಟ್ಟ ಅಂಕಿ ಸುಳ್ಳಾಗಿದ್ದರೆ ಅದು ಸದನಕ್ಕೆ ಕೊಟ್ಟ ತಪ್ಪು ಮಾಹಿತಿಯಾಗಿ, ಹಕ್ಕುಚ್ಯುತಿಯ ಮಟ್ಟಕ್ಕೆ ಹೋಗಬಲ್ಲದು.

ಹಂಚಿಕೆ, ಬಿಡುಗಡೆ, ವೆಚ್ಚ ಎಂಬ ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕಾದ ಕಾರಣವಿದೆ. ಅಣೆಕಟ್ಟೆಯಿಂದ ಬಿಟ್ಟ ನೀರು ನಾಲೆಯ ಕೊನೆಯ ಗದ್ದೆಗೆ ತಲುಪುವುದಿಲ್ಲ ಎನ್ನುವುದು ಕೊನೆಭಾಗದ ರೈತರಿಗೆ ಗೊತ್ತು, ಹಣವೂ ಹಾಗೆಯೇ. ಬಜೆಟ್ ಪುಸ್ತಕದಲ್ಲಿ ಅಚ್ಚಾದದ್ದು ಹಂಚಿಕೆ ಮಾತ್ರ. ಆರ್ಥಿಕ ಇಲಾಖೆ ಕಂತುಕಂತಾಗಿ ಕೊಟ್ಟದ್ದು ಬಿಡುಗಡೆ. ಬಿಡುಗಡೆಯಾದ ಹಣ ಯಾವುದೋ ನಿಗಮದ ಬ್ಯಾಂಕ್ ಖಾತೆಯಲ್ಲೋ ಅಧಿಕಾರಿಯ ಪಿಡಿ (ವೈಯಕ್ತಿಕ ಠೇವಣಿ) ಖಾತೆಯಲ್ಲೋ ತಿಂಗಳುಗಟ್ಟಲೆ ಕೂತಿರಬಹುದು, ಇಲಾಖೆಯ ಲೆಕ್ಕದಲ್ಲಿ ಅದು ಖರ್ಚೆಂದೇ ನಮೂದಾಗಿರಬಹುದು. ಮಾರ್ಚ್ ಕೊನೆಯ ವಾರದಲ್ಲಿ ಅವಸರವಸರವಾಗಿ ಬಿಲ್ ಪಾಸಾಗಿ, ಕಾಮಗಾರಿ ಮಾತ್ರ ಮುಂದಿನ ಮಳೆಗಾಲದವರೆಗೂ ಶುರುವಾಗದೇ ಇರಬಹುದು. ಹಣ ಬಳಕೆ ಪ್ರಮಾಣಪತ್ರ ಬಂದಿದೆಯೇ ಎಂದು ಕೇಳುವ ಶಾಸಕರಿಗೆ ಈ ದಾರಿಯೆಲ್ಲ ಗೊತ್ತಿದೆ ಎಂದೇ ಅರ್ಥ.

ಸಲ್ಲಿಕೆಯಾದ ಪ್ರಶ್ನೆ ಸಾಗುವ ದಾರಿಯೂ ದೊಡ್ಡದು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಎಲ್‌ಎಕ್ಯೂ ಎಂದೇ ಹೆಸರು. ವಿಧಾನ ಪರಿಷತ್ತಿನಿಂದ ಬಂದರೆ ಎಲ್‌ಸಿಕ್ಯೂ. ವಿಧಾನಸೌಧದಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತರಿಗೆ, ಜಿಲ್ಲಾ ಕಚೇರಿಗೆ, ಕೊನೆಗೆ ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರ ಮೇಜಿಗೆ ಅದು ಇಳಿಯುತ್ತದೆ. ಕಡತದ ಮೇಲೆ "ಅತಿ ಜರೂರು" ಎಂಬ ಷರಾ. ಅಧಿವೇಶನ ನಡೆಯುವಾಗ "ಎಲ್‌ಎಕ್ಯೂ ಬಂದಿದೆ, ಸಂಜೆಯೊಳಗೆ ಮಾಹಿತಿ ಕಳಿಸಿ" ಎಂಬ ಫೋನಿಗೆ ಎಲ್ಲ ಕೆಲಸವೂ ಬದಿಗೆ ಸರಿಯುತ್ತದೆ. ವರ್ಷಗಟ್ಟಲೆ ಯಾರೂ ಒಟ್ಟುಗೂಡಿಸದ ಅಂಕಿಗಳು ಎರಡು ದಿನದಲ್ಲಿ ಒಂದೆಡೆ ಸೇರುತ್ತವೆ. ಎಷ್ಟೋ ಸಲ ಉತ್ತರ ಸದನಕ್ಕೆ ತಲುಪುವ ಮೊದಲೇ ಖಾಲಿ ಹುದ್ದೆಗೆ ನಿಯೋಜನೆಯ ಆದೇಶ ಹೊರಡುತ್ತದೆ, ನಿಂತುಹೋದ ಬಿಲ್ ಚಲಿಸುತ್ತದೆ. ಪ್ರಶ್ನೆ ಮಾಡುವ ಅತ್ಯುತ್ತಮ ಕೆಲಸ ಕೆಲವೊಮ್ಮೆ ಹೀಗೆ ಸದನದ ಹೊರಗೇ ಆಗಿಬಿಡುತ್ತದೆ.

ಪ್ರಶ್ನೆಗಳಲ್ಲಿ ಎರಡು ಮುಖ್ಯ ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಸಾಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆರಹಿತ ಪ್ರಶ್ನೆಗಳು ಪಟ್ಟಿಯಾಗುತ್ತವೆ. ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತುವ ಕ್ರಮದಲ್ಲಿ ನಿರ್ಧರಿಸುತ್ತಾರೆ. ಒಂದು ತಾಸಿನ ಪ್ರಶ್ನೋತ್ತರ ವೇಳೆಯಲ್ಲಿ ಬಾಯಿಮಾತಿನ ಉತ್ತರದವರೆಗೆ ಬರುವುದು ಕೆಲವೇ ಪ್ರಶ್ನೆಗಳು; ಉಳಿದವುಗಳ ಉತ್ತರವನ್ನು ಸದನದ ಮುಂದೆ ಇಡುತ್ತಾರೆ.

ಹಾಗಾದರೆ ಆ ಚುಕ್ಕೆಗೆ ಅಷ್ಟೇಕೆ ಬೆಲೆ? ಉಪಪ್ರಶ್ನೆಗಾಗಿ. ಅಚ್ಚಾದ ಉತ್ತರವನ್ನು ಅಧಿಕಾರಿಗಳು ಬರೆದಿರುತ್ತಾರೆ, ಸಚಿವರು ಓದುತ್ತಾರೆ. ಆ ಉತ್ತರದ ಮೇಲೆ ಸದಸ್ಯರು ಅಲ್ಲೇ ಎದ್ದು ಕೇಳುವ ಮುಂದಿನ ಪ್ರಶ್ನೆ ಮಾತ್ರ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿಗಳು ಓಡಾಡುವುದು ಆಗಲೇ. ಇಲಾಖೆಯ ಮೇಲೆ ಸಚಿವರಿಗೆ ಹಿಡಿತ ಇದೆಯೋ ಇಲ್ಲವೋ ಎಂಬುದು ಆ ಕೆಲವು ನಿಮಿಷಗಳಲ್ಲಿ ಇಡೀ ರಾಜ್ಯಕ್ಕೆ ತಿಳಿಯುತ್ತದೆ. ಹಿಂದೆ ಬ್ರಿಟಿಷರಿಗೆ ಇದು ಚೆನ್ನಾಗಿ ಗೊತ್ತಿತ್ತು. 1892ರ ಕಾಯ್ದೆಯಲ್ಲಿ ಭಾರತೀಯ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಕೊಟ್ಟರು, ಉಪಪ್ರಶ್ನೆಯ ಹಕ್ಕನ್ನು ಕೊಡಲಿಲ್ಲ. 1909ರಲ್ಲಿ ಅದು ಮೂಲ ಪ್ರಶ್ನೆ ಕೇಳಿದವರಿಗಷ್ಟೇ ಸಿಕ್ಕಿತು. ಯಾವ ಸದಸ್ಯರಾದರೂ ಉಪಪ್ರಶ್ನೆ ಕೇಳಬಹುದೆಂದಾದದ್ದು 1919ರ ಸುಧಾರಣೆಗಳ ನಂತರ.

ಒಂದು ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸ್ವತಂತ್ರ ಭಾರತದ ಮೊದಲ ದೊಡ್ಡ ಉದಾಹರಣೆ ಮುಂದ್ರಾ ಪ್ರಕರಣ. 1956ರಲ್ಲಿ ಖಾಸಗಿ ಜೀವ ವಿಮಾ ಕಂಪನಿಗಳನ್ನೆಲ್ಲ ರಾಷ್ಟ್ರೀಕರಣ ಮಾಡಿ ಜೀವ ವಿಮಾ ನಿಗಮವನ್ನು ಕಟ್ಟಿದರು. ಸಾಮಾನ್ಯ ಜನ ಕಂತುಕಂತಾಗಿ ಕಟ್ಟಿದ ಹಣ ಅದರಲ್ಲಿತ್ತು. ಮರುವರ್ಷವೇ ಆ ನಿಗಮ ಕಲ್ಕತ್ತದ ಉದ್ಯಮಿ ಹರಿದಾಸ್ ಮುಂದ್ರಾಗೆ ಸೇರಿದ ಆರು ಕಂಪನಿಗಳ ಷೇರುಗಳನ್ನು ಸುಮಾರು 1.25 ಕೋಟಿ ರೂಪಾಯಿಗೆ ಕೊಂಡಿತು. ಆ ಕಂಪನಿಗಳ ಸ್ಥಿತಿ ಚೆನ್ನಾಗಿರಲಿಲ್ಲ. ನಿಗಮದ ಹೂಡಿಕೆ ಸಮಿತಿಯ ಸಲಹೆಯನ್ನೂ ಕೇಳಿರಲಿಲ್ಲ.

1957ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಇದರ ಬಗ್ಗೆ ಪ್ರಶ್ನೆ ಬಂತು. ಉತ್ತರ ಜಾರಿಕೊಳ್ಳುವಂತಿತ್ತು. ನವೆಂಬರಿನಲ್ಲಿ ಮತ್ತೆ ಬಂತು. ಡಿಸೆಂಬರ್ 16ರಂದು ರಾಯ್‌ಬರೇಲಿಯ ಸದಸ್ಯ ಫಿರೋಜ್ ಗಾಂಧಿ ಎದ್ದು ನಿಂತು, ಷೇರುಗಳ ಬೆಲೆ, ಖರೀದಿಯ ದಿನಾಂಕ, ಮಾರುಕಟ್ಟೆಯ ದರ ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ತೋರಿಸಿದರು. ಅವರು ಆಡಳಿತ ಪಕ್ಷದ ಸದಸ್ಯರು. ಪ್ರಧಾನಿ ನೆಹರೂ ಅವರ ಅಳಿಯ. ಆ ಸಂಬಂಧ ಅವರ ಪ್ರಶ್ನೆಯನ್ನು ಮೆದುಗೊಳಿಸಲಿಲ್ಲ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮೊದಲ ಪ್ರಶ್ನೆಯಿಂದ ರಾಜೀನಾಮೆಯವರೆಗೆ ಆರು ತಿಂಗಳೂ ಆಗಿರಲಿಲ್ಲ. ನನಗೆ ಈ ಕಥೆಯಲ್ಲಿ ದೊಡ್ಡದಾಗಿ ಕಾಣುವುದು ರಾಜೀನಾಮೆಯಲ್ಲ, ಎರಡನೆಯ ಪ್ರಶ್ನೆ. ಮೊದಲ ಉತ್ತರದಿಂದ ತೃಪ್ತರಾಗದೆ ಮತ್ತೆ ಕೇಳಿದವರಿದ್ದರು ಎಂಬುದು.

ಪ್ರಶ್ನೆಗೆ ಇಷ್ಟು ಶಕ್ತಿ ಇರುವುದರಿಂದಲೇ ಅದನ್ನು ಮಾರಿಕೊಂಡವರೂ ಇದ್ದಾರೆ. 1951ರಲ್ಲಿ ಮುಂಬೈನ ಚಿನಿವಾರ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಅವರ ಪರವಾಗಿ ಪ್ರಶ್ನೆ ಕೇಳಿದ ಆರೋಪದ ಮೇಲೆ ಎಚ್.ಜಿ. ಮುದ್ಗಲ್ ಸಂಸತ್ ಸದಸ್ಯತ್ವ ಬಿಡಬೇಕಾಯಿತು. 2005ರ ಡಿಸೆಂಬರಿನಲ್ಲಿ ಅದೇ ಬಗೆಯ ಪ್ರಕರಣದಲ್ಲಿ ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರನ್ನು ಉಚ್ಚಾಟಿಸಲಾಯಿತು.

ಕನ್ನಡ ನಾಡಿಗೆ ಲೆಕ್ಕ ಕೇಳುವ ಈ ಪದ್ಧತಿ ಹೊಸದಲ್ಲ. 1881ರ ಅಕ್ಟೋಬರಿನಲ್ಲಿ, ದಸರಾ ಸಮಯದಲ್ಲಿ, ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಚಾಮರಾಜೇಂದ್ರ ಒಡೆಯರ ಕಾಲ, ದಿವಾನರು ಸಿ. ರಂಗಾಚಾರ್ಲು. ತಾಲ್ಲೂಕುಗಳಿಂದ ಬಂದ ಜಮೀನುದಾರ ರೈತರು, ಜಿಲ್ಲೆಗಳಿಂದ ಬಂದ ವರ್ತಕರು, ಒಟ್ಟು 144 ಜನ. ಕಳೆದ ವರ್ಷ ಸರ್ಕಾರ ಏನು ಮಾಡಿತು, ಮುಂದಿನ ವರ್ಷ ಏನು ಮಾಡಲಿದೆ ಎಂಬುದನ್ನು ಪ್ರಜೆಗಳ ಮುಂದೆ ಇಡುವುದೇ ಅದರ ಉದ್ದೇಶ ಎಂದು ಸರ್ಕಾರದ ಆದೇಶವೇ ಹೇಳಿತ್ತು. ಅವರಿಗೆ ಮತ ಹಾಕುವ ಅಧಿಕಾರ ಇರಲಿಲ್ಲ, ಅರಿಕೆ ಮಾಡಿಕೊಳ್ಳಬಹುದಿತ್ತು ಅಷ್ಟೆ. ಆದರೂ ಕೆರೆ, ಕಾಲುವೆ, ರಸ್ತೆ, ಕಂದಾಯದ ಬಗ್ಗೆ ದಿವಾನರ ಎದುರು ನಿಂತು ಮಾತಾಡುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆಗಳಲ್ಲಿ ಅದಕ್ಕೆ ಬಜೆಟ್ಟಿನ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಸಿಕ್ಕಿತು. ಪ್ರಜಾ ಪ್ರತಿನಿಧಿ ಸಭೆಯನ್ನು ಕೇಳದೆ ಹೊಸ ತೆರಿಗೆ ಹಾಕಬಾರದೆಂಬ ಕಟ್ಟುಪಾಡೂ ಆಯಿತು. ಅರಿಕೆಯಿಂದ ಹಕ್ಕಿನವರೆಗೆ ಬರಲು ನಮ್ಮ ಹಿರಿಯರಿಗೆ ನಾಲ್ಕು ದಶಕ ಬೇಕಾಯಿತು.

ಇಂದು ಆ ಹಕ್ಕು ಸಂವಿಧಾನದಲ್ಲೇ ಇದೆ. ಶಾಸನಸಭೆಯ ಒಪ್ಪಿಗೆಯಿಲ್ಲದೆ ರಾಜ್ಯದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಪ್ರತಿ ಇಲಾಖೆ ತನ್ನ ಬೇಡಿಕೆಯನ್ನು ಸದನದ ಮುಂದಿಟ್ಟು ಮತ ಪಡೆಯಬೇಕು, ಆಮೇಲೆ ಧನವಿನಿಯೋಗ ವಿಧೇಯಕ ಅಂಗೀಕಾರವಾಗಬೇಕು. ಒಂದು ಇಲಾಖೆಯ ನೀತಿ ಸರಿಯಿಲ್ಲ ಎನಿಸಿದರೆ ಅದರ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಬೇಕೆಂದೂ, ನಿರ್ದಿಷ್ಟ ದೂರಿದ್ದರೆ 100 ರೂಪಾಯಿ ಕಡಿಮೆ ಮಾಡಬೇಕೆಂದೂ ಕಡಿತ ಸೂಚನೆ ತರಬಹುದು. ಹಣ ಉಳಿಸುವುದು ಅದರ ಗುರಿಯಲ್ಲ, ಆ ಇಲಾಖೆಯ ಬಗ್ಗೆ ಚರ್ಚೆಯಾಗುವಂತೆ ಮಾಡುವುದು ಗುರಿ. ಕಾಗದದ ಮೇಲೆ ಇದು ಬಲವಾದ ಆಯುಧ. ವಾಸ್ತವದಲ್ಲಿ ಸಮಯ ಮುಗಿಯಿತೆಂದು ಚರ್ಚೆಯಾಗದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿಬಿಡುತ್ತಾರೆ. 2023ರ ಮಾರ್ಚ್ 23ರಂದು ಲೋಕಸಭೆ ಸುಮಾರು 45 ಲಕ್ಷ ಕೋಟಿ ರೂಪಾಯಿಯ ಕೇಂದ್ರ ಬಜೆಟ್ಟನ್ನು ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಅಂಗೀಕರಿಸಿತು. ಆಳುವವರೂ ವಿರೋಧಿಸುವವರೂ ಸೇರಿ ಆ ದಿನ ಜನರ ಒಂದು ಹಕ್ಕನ್ನು ಕೈಬಿಟ್ಟರು ಎಂದೇ ನಾನು ಭಾವಿಸುತ್ತೇನೆ.

ಖರ್ಚಾದ ಮೇಲೆ ಲೆಕ್ಕ ಕೇಳುವುದು ಇನ್ನೊಂದು ಘಟ್ಟ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ರಾಜ್ಯಪಾಲರ ಮೂಲಕ ಸದನದ ಮುಂದೆ ಬರುತ್ತದೆ. ಅದನ್ನು ಕಂಡಿಕೆ ಕಂಡಿಕೆಯಾಗಿ ಪರಿಶೀಲಿಸುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕೆಲಸ. ಬ್ರಿಟನ್ನಿನಲ್ಲಿ 1861ರಲ್ಲಿ ಹುಟ್ಟಿದ ಈ ಸಮಿತಿ ಭಾರತಕ್ಕೆ 1921ರಲ್ಲಿ ಬಂತು. ಸಚಿವರು ಇದರ ಸದಸ್ಯರಾಗುವಂತಿಲ್ಲ; 1967ರಿಂದ ಲೋಕಸಭೆಯಲ್ಲಿ ವಿರೋಧ ಪಕ್ಷದವರನ್ನೇ ಇದರ ಅಧ್ಯಕ್ಷರನ್ನಾಗಿಸುವ ಸಂಪ್ರದಾಯವಿದೆ. ಇಲ್ಲಿ ಭಾಷಣವಿಲ್ಲ, ಕ್ಯಾಮೆರಾ ಇಲ್ಲ. ಇಲಾಖೆಯ ಕಾರ್ಯದರ್ಶಿ ಕಡತ ಹಿಡಿದು ಬಂದು ಎದುರು ಕೂತು ಉತ್ತರ ಕೊಡಬೇಕು. ಪಕ್ಷ ಮರೆತು ಶಾಸಕರು ಕೆಲಸ ಮಾಡುವುದು ಹೆಚ್ಚಾಗಿ ಇಂಥ ಮುಚ್ಚಿದ ಕೋಣೆಗಳಲ್ಲೇ. ಕೊರತೆ ಎಂದರೆ ವೇಗದ್ದು. ವರದಿ ಅಧಿವೇಶನದ ಕೊನೆಯ ದಿನಗಳಲ್ಲಿ ಮಂಡನೆಯಾಗುತ್ತದೆ, ಸಮಿತಿ ಅದನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ತಪ್ಪು ಮಾಡಿದ ಅಧಿಕಾರಿ ನಿವೃತ್ತರಾಗಿರುತ್ತಾರೆ.

ಸದನ ಸಮಿತಿಗಳು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ನೋಡಿದೆ. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರಲ್ಲಿ ಕೊಟ್ಟ ವರದಿಗಳು ಬೆಂಗಳೂರು ನಗರ ಜಿಲ್ಲೆಯಲ್ಲಿ ಸುಮಾರು 27 ಸಾವಿರ ಎಕರೆ ಸರ್ಕಾರಿ ಜಮೀನು ಒತ್ತುವರಿಯಾಗಿದೆ ಎಂದು ತೋರಿಸಿದವು. ಸಾರ್ವಜನಿಕರ ಆಸ್ತಿ ಹೇಗೆ ಕೈತಪ್ಪಿ ಹೋಗುತ್ತದೆ ಎಂಬುದಕ್ಕೆ ಸರ್ವೆ ನಂಬರುಗಳ ಸಮೇತ ದಾಖಲೆ ಸಿಕ್ಕಿತು. ಒತ್ತುವರಿ ತೆರವಿಗೆ ಕಾರ್ಯಪಡೆ, ಭೂಕಬಳಿಕೆ ನಿಷೇಧ ಕಾಯ್ದೆ, ಅದಕ್ಕೊಂದು ವಿಶೇಷ ನ್ಯಾಯಾಲಯ ಇವೆಲ್ಲ ಬಂದದ್ದು ಅದರ ನಂತರ. ಕೆ.ಬಿ. ಕೋಳಿವಾಡ ನೇತೃತ್ವದ ಸಮಿತಿ 2017ರಲ್ಲಿ ಕೆರೆಗಳ ವಿಷಯದಲ್ಲಿ ಅದೇ ಕೆಲಸ ಮಾಡಿತು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ 10 ಸಾವಿರ ಎಕರೆಗೂ ಹೆಚ್ಚು ಕೆರೆ ಜಾಗ ಒತ್ತುವರಿಯಾಗಿರುವುದನ್ನು ದಾಖಲಿಸಿತು. ವರದಿ ಬಂದಷ್ಟು ವೇಗವಾಗಿ ಜಮೀನು ವಾಪಸಾಗಿಲ್ಲ. ಆದರೆ ಇಂದು ಯಾವ ಸರ್ಕಾರವೂ ನಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಎಲ್ಲರೂ ಮರೆತಿರುವ ಇನ್ನೊಂದು ಸಮಿತಿ ಸರ್ಕಾರಿ ಭರವಸೆಗಳದ್ದು. ಲೋಕಸಭೆಯಲ್ಲಿ ಇದು 1953ರಿಂದ ಇದೆ, ನಮ್ಮ ವಿಧಾನಮಂಡಲದಲ್ಲೂ ಇದೆ. "ಪರಿಶೀಲಿಸಲಾಗುವುದು", "ಮಾಹಿತಿ ಸಂಗ್ರಹಿಸಿ ಸದನಕ್ಕೆ ಒದಗಿಸಲಾಗುವುದು" ಎಂದು ಸಚಿವರು ಹೇಳಿದರೆ ಅದು ಭರವಸೆಯಾಗಿ ದಾಖಲಾಗುತ್ತದೆ. ಲೋಕಸಭೆಯಲ್ಲಿ ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು, ಇಲ್ಲವೇ ಕಾರಣ ಹೇಳಿ ಕಾಲಾವಕಾಶ ಕೇಳಬೇಕು. "ಅನುದಾನದ ಲಭ್ಯತೆಗೆ ಒಳಪಟ್ಟು ಹಂತಹಂತವಾಗಿ" ಎಂಬ ಮಾತನ್ನು ನಮ್ಮ ಉತ್ತರಗಳಲ್ಲಿ ಮತ್ತೆ ಮತ್ತೆ ಬಳಸುವುದು ಯಾಕೆಂದು ಈಗ ತಿಳಿಯುತ್ತದೆ. ಹಾಗೆ ಹೇಳಿದ ಭರವಸೆಯ ಬೆನ್ನು ಹತ್ತುವುದು ಕಷ್ಟ.

ಇಷ್ಟೆಲ್ಲ ದಾರಿಗಳಿದ್ದೂ ನಮ್ಮ ತಾಲ್ಲೂಕು ಆಸ್ಪತ್ರೆಗೆ ಅರಿವಳಿಕೆ ತಜ್ಞರು ಏಕೆ ಬರುವುದಿಲ್ಲ? ಮೊದಲ ಕಾರಣ, ಸದನ ಸೇರುವ ದಿನಗಳೇ ಕಡಿಮೆ. ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ನಡೆಯಬೇಕೆಂದು ಕರ್ನಾಟಕ 2005ರಲ್ಲೇ ಕಾಯ್ದೆ ಮಾಡಿಕೊಂಡಿದೆ. ಆ ಸಂಖ್ಯೆ ತಲುಪದ ವರ್ಷಗಳೇ ಹೆಚ್ಚು. ಸೇರಿದ ದಿನಗಳಲ್ಲೂ ಧರಣಿ, ಘೋಷಣೆಗೆ ಮೊದಲು ಬಲಿಯಾಗುವುದು ಪ್ರಶ್ನೋತ್ತರ ವೇಳೆ. 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಕಾರಣಕ್ಕೆ ಸಂಸತ್ತು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿತು, ಲಿಖಿತ ಉತ್ತರಗಳನ್ನಷ್ಟೇ ಉಳಿಸಿಕೊಂಡಿತು. ದೇಶದ ಆಸ್ಪತ್ರೆಗಳ ಬಗ್ಗೆ ಅತಿ ಹೆಚ್ಚು ಪ್ರಶ್ನೆ ಕೇಳಬೇಕಾಗಿದ್ದ ಕಾಲ ಅದು.

ಎರಡನೆಯ ಕಾರಣ ಶಾಸಕರ ಸ್ಥಿತಿಯಲ್ಲೇ ಇದೆ. ಕ್ಷೇತ್ರದ ಜನ ಅವರಿಂದ ಬಯಸುವುದು ಅನುದಾನ, ವರ್ಗಾವಣೆ, ಶಿಫಾರಸು ಪತ್ರ. ಇವೆಲ್ಲ ಸಿಗಬೇಕಾದದ್ದು ಸಚಿವರಿಂದ. ಬೆಳಿಗ್ಗೆ ಸದನದಲ್ಲಿ ಸಚಿವರನ್ನು ಇಕ್ಕಟ್ಟಿಗೆ ಸಿಲುಕಿಸಿ ಸಂಜೆ ಅವರ ಕೊಠಡಿಗೆ ರಸ್ತೆ ಕಾಮಗಾರಿಯ ಪತ್ರ ಹಿಡಿದು ಹೋಗುವುದು ಸುಲಭವಲ್ಲ. ಜೊತೆಗೆ ಪ್ರತಿ ಶಾಸಕರಿಗೂ ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಲೆಕ್ಕ ಕೇಳಬೇಕಾದವರೂ ಖರ್ಚು ಮಾಡುವವರ ಸಾಲಿಗೆ ಸೇರಿದ್ದಾರೆ. ಸಮುದಾಯ ಭವನದ ಮೇಲೆ ಹೆಸರು ಬರೆಸಿಕೊಳ್ಳುವುದು ಕಣ್ಣಿಗೆ ಕಾಣುವ ಕೆಲಸ. ಖಾಲಿ ಹುದ್ದೆಯ ಬಗ್ಗೆ ಮೂರು ಅಧಿವೇಶನಗಳಲ್ಲಿ ಬಿಡದೆ ಕೇಳುವುದು ಯಾರಿಗೂ ಕಾಣುವುದಿಲ್ಲ. ಕಾಣದ ಕೆಲಸಕ್ಕೆ ನಾವು ಮತ ಹಾಕುವುದಿಲ್ಲ. ಈ ತಪ್ಪಿನಲ್ಲಿ ಮತದಾರರ ಪಾಲೂ ಇದೆ.

ಮಾಹಿತಿ ಹಕ್ಕು ಕಾಯ್ದೆ ಬಂದಾಗ ಅದರಲ್ಲೊಂದು ಒಳ್ಳೆಯ ಸಾಲಿತ್ತು: ಸಂಸತ್ತಿಗೆ ಅಥವಾ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದು ಎಂಬುದು. ಶಾಸಕರಿಗೂ ಪ್ರಜೆಗೂ ಲೆಕ್ಕ ಕೇಳುವಲ್ಲಿ ಸಮಾನ ಸ್ಥಾನ ಕೊಟ್ಟ ಸಾಲು ಅದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಕಲಮನ್ನು ತಿದ್ದುವಾಗ ಈ ಸಾಲನ್ನು ಕೈಬಿಟ್ಟಿತು. ನಾವು ನೇರವಾಗಿ ಕೇಳುವ ದಾರಿ ಕಿರಿದಾದಷ್ಟೂ ನಮ್ಮ ಪ್ರತಿನಿಧಿ ಕೇಳುವ ದಾರಿಗೆ ಬೆಲೆ ಹೆಚ್ಚುತ್ತದೆ.

ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಪ್ರಶ್ನೋತ್ತರಗಳು ಕನ್ನಡದಲ್ಲೇ ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ, ಸದಸ್ಯರ ಹೆಸರಿನ ಸಮೇತ. ಕಳೆದ ಅಧಿವೇಶನದ್ದನ್ನು ತೆರೆದು ನಿಮ್ಮ ಶಾಸಕರ ಹೆಸರು ಹುಡುಕಿ. ಎಷ್ಟು ಕೇಳಿದ್ದಾರೆ ಎಂಬುದಕ್ಕಿಂತ ಏನು ಕೇಳಿದ್ದಾರೆ, ಉತ್ತರ ಬಂದ ಮೇಲೆ ಮತ್ತೆ ಕೇಳಿದ್ದಾರೆಯೇ ಎಂದು ನೋಡಿ. ನಿಮ್ಮೂರಿನ ಆಸ್ಪತ್ರೆ, ಶಾಲೆ, ಕುಡಿಯುವ ನೀರಿನ ಬಗ್ಗೆ ಅಲ್ಲಿ ಒಂದೂ ಪ್ರಶ್ನೆ ಇಲ್ಲದಿದ್ದರೆ ನೀವೇ ಬರೆಯಿರಿ: ಮಂಜೂರಾದದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು, ಯಾವ ದಿನಾಂಕದೊಳಗೆ ಮುಗಿಯುತ್ತದೆ. ಮುಂದಿನ ಅಧಿವೇಶನ ಪ್ರಕಟವಾದ ಕೂಡಲೇ ಅದನ್ನು ಶಾಸಕರ ಕೈಗೆ ಕೊಡಿ. ಪ್ರಶ್ನೆಯ ಸಂಖ್ಯೆ ಏನಾಯಿತೆಂದು ಹದಿನೈದು ದಿನ ಬಿಟ್ಟು ಹೋಗಿ ವಿಚಾರಿಸಿ.